ತವರ

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಉಪ್ಪನ ಕಲಾಯಿ ಅಂಗಡಿ. ತಿದಿ ಒತ್ತಿದರೆ
ಇದ್ದಿಲು ಕಣ್ಣು ಬಿಡುತ್ತದೆ, ನವಸಾಗರದ ಹೊಗೆ
ಇಡೀ ಬೀದಿಗೆ ಕೆಮ್ಮು ಹಂಚುತ್ತದೆ.
ಕಡ್ಡಿಯ ತುದಿಯಿಂದ ಒಂದೇ ತೊಟ್ಟು ತವರ,
ಎಡಚ ಉಪ್ಪನ ಕೈಯ ಹತ್ತಿ ಒಂದು ಸುತ್ತು:
ತಾಮ್ರದ ಹೊಟ್ಟೆ ಕನ್ನಡಿ.

ನನ್ನದೂ ಅದೇ ಕಸುಬು ಅಂದರೆ ನಗುತ್ತಾರೆ.
ನನ್ನ ತವರಕ್ಕೆ ಬೆಂಕಿ ತೋರಿಸುವ ಹಾಗಿಲ್ಲ ಉಪ್ಪ,
ಬೆಟ್ಟದ ಬುಡದಲ್ಲಿ, ಸೀಸದ ಗೋಡೆಗಳ ನಡುವೆ,
ಚಳಿಗೇ ಚಳಿಯಾಗುವಷ್ಟು ತಣ್ಣಗಿಟ್ಟು
ಕಾಯುವುದು.
"ಚಳಿಗೆ ತವರಕ್ಕೆ ಹುಳು ಬೀಳುತ್ತೆ, ಬೂದಿಯಾಗುತ್ತೆ."
ಗೊತ್ತು. ಒಂದು ಗಟ್ಟಿ ಹಾಗೇ ಹೋಯಿತು.
"ಕಾಯೋದು ಏನನ್ನ?"

ಒಂದು ಪರಮಾಣು ಒಂದೇ ಉಸಿರಿಗೆ
ಎರಡು ಎಲೆಕ್ಟ್ರಾನ್ ಉಗುಳಿ
ತವರವಾಗಿರುವುದನ್ನು ಬಿಡುವುದನ್ನ.
ಜೊತೆಗೆ ಎರಡು ನ್ಯೂಟ್ರಿನೋ ಹೊರಡಬೇಕು,
ಮದುವೆಮನೆಯಿಂದ ಹೇಳದೆ ಎದ್ದ ನೆಂಟರ ಹಾಗೆ
ಕಿಸೆಯಲ್ಲಿ ಅಷ್ಟಿಷ್ಟು ಲೆಕ್ಕ ಒಯ್ಯುತ್ತ.
ಎಂದಾದರೂ ಲೆಕ್ಕ ಪೂರಾ ಸಿಕ್ಕಿತೋ,
ಬಿಡಿಗಾಸೂ ಕಳೆಯದೆ ಸಿಕ್ಕಿತೋ,
ಯಾರೂ ಹೊಸಿಲು ದಾಟಿಲ್ಲ ಎಂದರ್ಥ.
ಒಂದು ಕೊಟ್ಟದ್ದನ್ನು ಇನ್ನೊಂದು ಒಳಗೇ ನುಂಗಿದೆ.
ನ್ಯೂಟ್ರಿನೋಗೆ ಪ್ರತಿಕಣ ಬೇರೆ ಇಲ್ಲ,
ತಾನೇ.

ಉಪ್ಪ ಚೆಂಬನ್ನು ನನ್ನ ಮುಖಕ್ಕೆ ಹಿಡಿದರು.
"ಇದರೊಳಗಿರೋದು ನೀನಾ?"
ಇರಬೇಕು.
"ಮತ್ತೆ ನಿನ್ನ ಬಲಗೈ ಅದಕ್ಕೆ ಎಡಗೈ?"
ಅಷ್ಟೇ ಉಪ್ಪ. ಪ್ರಶ್ನೆ ಅಷ್ಟೇ.

ಗದ್ದಲದ ಕಾಟ ಹೇಳಿ ಮುಗಿಯದು.
ಬಾಳೆಹಣ್ಣು ಸುಲಿದ ಬೆರಳು, ಬೆವರು,
ಮಲೆತಿರಿಕೆ ಬೆಟ್ಟದಂಥ ಸಾಧು ಬಂಡೆ, ನನ್ನದೇ ಮೂಳೆ,
ಎಲ್ಲವೂ ಸಣ್ಣಗೆ ಚಿಟಿಚಿಟಿ ಅನ್ನುತ್ತವೆ.
ಅವನ್ನೆಲ್ಲ ಕಳೆದು, ಕಳೆದು, ಒಂಬತ್ತು ವರ್ಷಕ್ಕೆ
ಉಳಿದದ್ದು ಸೊನ್ನೆ.
ಆ ಸೊನ್ನೆಯನ್ನೇ ಉಜ್ಜಿ ಹೊಳಪಿಟ್ಟು
ಇದಕ್ಕಿಂತ ಬೇಗ ಅಲ್ಲ, ಎಂದಷ್ಟೇ ಬರೆದು ಕಳಿಸಿದೆವು.
ಉಪ್ಪ ಇದಕ್ಕೆ ಮಾತ್ರ ನಗಲಿಲ್ಲ.
ಅವರ ಕೆಲಸವೂ ಮಾಸಲು, ಮತ್ತೆ ಬರಲು.

ಮೊಮ್ಮಗಳ ಮದುವೆಯ ಕೊಡಗಳಿಗೆ ಬಂದ ಚೋಂದವ್ವ
ನನ್ನನ್ನು ನೋಡಿ, "ತವರಿಗೆ ಬಂದಿಯಾ?"
ತವರಕ್ಕೆ, ಅಂದೆ. ಕೇಳಿಸಲಿಲ್ಲ ಅವರಿಗೆ.
ತಳದಲ್ಲಿ ಚುಕ್ಕಿ ಕುಟ್ಟಿ ಬರೆದ ಹೆಸರು ಸವರಿ ನೋಡಿ
ಎರಡೂ ಕೊಡ ಎತ್ತಿಕೊಂಡರು,
ಒಂದು ಈ ಕಂಕುಳಿಗೆ, ಒಂದು ಆ ಕಂಕುಳಿಗೆ,
ಬೀದಿಯ ಬಿಸಿಲೆಲ್ಲ ಅದರೊಳಗೆ ಕುಲುಕುತ್ತ.

ಉಪ್ಪ ಹಣ ಎಣಿಸಿದರು. ಇನ್ನೊಮ್ಮೆ ಎಣಿಸಿದರು.
ಎರಡು ರೂಪಾಯಿ ಕಡಿಮೆ.
"ಹೋಗಲಿ," ಅಂದು ತಿದಿಗೆ ಕೈ ಹಾಕಿದರು.
ನಾನು ಬಾಗಿಲಿನ ಕಡೆ ನೋಡಿದೆ.