ಐತಾರದ ಫೋನು

ಐತಾರ ನಾಕಕ್ಕ ಹುಡುಗರ ಕೈಗೆ ಫೋನ್ ಕೊಡ್ತಾರ,
ಇಪ್ಪತ್ತು ಮಿನಿಟು.
ಉಮದಿಯೊಳಗ ನಮ್ಮ ಓಣಿಗೆ ರೇಂಜಿಲ್ಲ.
ಮೂರೂವರಿಗೇ ಬಂದು
ನೀರಿನ ಟಾಕಿ ಕಟ್ಟಿ ಮ್ಯಾಲ ಕೂಡ್ತೀನಿ.
ಅವರಪ್ಪ ಕುರಿ ಹೊಡಕೊಂಡು ಕೃಷ್ಣಾ ದಂಡಿಗೆ ಹೋಗ್ಯಾನ,
ಕುಂಟು ನಾಕು, ಒಂದು ಟಗರು ನನ್ನ ಪಾಲಿಗೆ.

ಮಾಳಿಂಗ ಲಖನೌದಾಗ ಅದಾನ,
ಫೌಜಿನ ದವಾಖಾನಿ ಕೆಲಸ ಕಲಿಯಾಕ.
ಮಂದಿ ಕೇಳ್ತಾರ, ಬಂದೂಕ ಕೊಟ್ಟಾರೇನು?
ಕೊಟ್ಟಾರ. ಜೋಡಿ ಒಂದು ಚೀಲಾನೂ ಕೊಟ್ಟಾರ,
ಪಟ್ಟಿ, ಕತ್ರಿ, ರಗತ ನಿಲ್ಲಸೋ ಬೆಲ್ಟು.
ಬಂದೂಕಕಿಂತ ಚೀಲಾನ ವಜನ ಅಂತಾನ.

ಸಣ್ಣಾಂವಿದ್ದಾಗ ರಗತ ಕಂಡ್ರ ಕಣ್ಣು ತಿರುಗಿ ಬೀಳ್ತಿದ್ದ.
ಬಿಳೇ ಮರಿ ಕಾಲು ಮುರಿದಾಗ
ಬಿದಿರ ಸಿಬರು ಎರಡೂ ಕಡೆ ಇಟ್ಟು
ಹಳೇ ಸೀರಿ ಅಂಚು ಹರಿದು ಕಟ್ಟಿದ್ದೆ.
ಗಂಟು ಎಲುವಿನ ಮ್ಯಾಲ ಬರಬಾರದೋ ಅಂದಿದ್ದೆ.
ಕಣ್ಣು ಮುಚ್ಚಿಕೊಂಡೇ ಮರಿ ಹಿಡದಿದ್ದ.
ಸಂದ್ಯಾಗ ನೋಡಿದ್ದನೇನೋ,
ಅಲ್ಲಿ ಉಸ್ತಾದನ ಮುಂದ ಅದೇ ಮಾತು ಹೇಳಿ
ಶಾಭಾಸ್ ಅನಿಸಿಕೊಂಡಾನ.

ಹೋದ ಐತಾರ ದನಿ ಬ್ಯಾರೆ ಇತ್ತು.
ಅವ್ವಾ, ನಾ ಊರಿಗೆ ಬಂದುಬಿಡ್ತೀನಿ.

ಬಯಲಾಗ ಸುಳ್ಳ ಲಡಾಯಿ ಮಾಡ್ಯಾರ.
ಐದು ಹುಡುಗರ ಮೈಗೆ ಕೆಂಪು ಬಣ್ಣ,
ಕೊಳ್ಳಾಗ ಚೀಟಿ: ಯಾವ ಗಾಯ, ಎಲ್ಲಿ.
ಇಂವ ಓಡ್ಯಾನ ಒದರುವಾವನ ಕಡೆ.
ಗಿಡದ ಬುಡಕ್ಕ ಒಬ್ಬಾಂವ ಸುಮ್ಮನ ಬಿದ್ದಿದ್ದ.
ಉಸ್ತಾದ ಬಂದು ಆ ಚೀಟಿ ತಿರುವಿ ಬರದ:
ಸತ್ತ.
ಒದರಾಕ ಉಸಿರು ಬೇಕಲೇ, ಅಂವಗ ಉಸಿರೈತಿ.
ಸುಮ್ಮನಿದ್ದಾವನ ಕಡೆ ಮೊದಲ ಹೋಗು.
ಸುಳ್ಳ ಸತ್ತಾಂವ ಎದ್ದು ಚಾ ಕುಡಿಯಾಕ ಹ್ವಾದ.
ನನ್ನ ಮಗನಿಗೆ ರಾತ್ರಿಯಿಡೀ ನಿದ್ದಿಲ್ಲ.

ಏನು ಹೇಳ್ಲಿ? ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ ನಾ.
ನನಗ ಗೊತ್ತಿರೋದು ಕುರಿ.
ಅಂದೆ: ಮಾಳ್ಯಾ, ತೋಳ ಬಿದ್ದ ರಾತ್ರಿ
ನಿಮ್ಮಪ್ಪನೂ ಒದರೋ ಕುರಿ ಕಡೆಗೇ ಓಡಿದ್ದ.
ಮುಂಜಾನೆ ಹಟ್ಟಿ ಮೂಲ್ಯಾಗ ಸಿಕ್ಕಿದ್ದು ಬ್ಯಾರೇದು,
ಬ್ಯಾ ಅಂದಿರಲಿಲ್ಲ ಅದು.
ಅಂವೇನು ಕುರಿ ಕಾಯೋದು ಬಿಟ್ಟನೇನು?
ಕತ್ತಲದಾಗ ಮೊದಲ ಮೂಲಿ ತಡವೋದು ಕಲಿತ.
ಬರ್ತೀ ಅಂದ್ರ ಬಾ, ಬ್ಯಾಡ ಅನ್ನಂಗಿಲ್ಲ.
ಕಲ್ತು ಬಾ.

ಟೈಮ್ ಮುಗೀತು.
ಹ್ಞೂಂ ಅಂದನೋ ಇಲ್ಲೋ ತಿಳೀಲಿಲ್ಲ.
ಮರುದಿನ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಗಂಟು ಕಟ್ಟಿ
ಪೋಸ್ಟಿನಾಗ ಹಾಕಿ ಬಂದೆ.
ಗುಮಾಸ್ತ ಮರಾಠಿಯೊಳಗ ಕೇಳಿದ, ಒಳಗೇನೈತಿ?
ಕನ್ನಡದಾಗ ಅಂದೆ, ಊಟ.

ಇವತ್ತು ನಾಕು ಬಡೀತು.
ಉಂಡೇನಪಾ? ಬೂಟು ಕಚ್ಚಿದ ಬೊಬ್ಬಿ ಒಣಗ್ಯಾವೇನು?
ಎಲ್ಲಾಕ್ಕೂ ಹ್ಞೂಂ ಅಂದ.
ನೀ ಹ್ಯಾಂಗಿದ್ದೀ?
ನನಗೇನಾಗೈತಿ, ಕಲ್ಲಿದ್ದಂಗ ಇದ್ದೀನಿ.

ಆ ಕಡೆ ಮಾತಿಲ್ಲ. ಆಮ್ಯಾಲ,
ಅವ್ವಾ, ನಿನ್ನ ಬಳಿ ಸಪ್ಪಳ ಕೇಳವಲ್ದು.

ಮಾತಾಡುವಾಗ ಬಲಗೈ ತಿರುವ್ತೀನಂತ ನಾ,
ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ.
ಹೇಳಬೇಕಾತು.
ಮಂಗಳಾರ ಟಗರು ಹಾಯ್ತು, ಮಣಿಕಟ್ಟು ಬಾತೈತಿ,
ಬಳಿ ಹೆಚ್ಚಿದವು, ನಾನೇ ಸಿಬರು ಕಟ್ಟೀನಿ.
ಬೈತಾನ ಅಂದುಕೊಂಡೆ. ಬೈಲಿಲ್ಲ.
ಬೆರಳು ತಣ್ಣಗ ಅದಾವೇನು?
ಉಗುರು ಒತ್ತು. ಬಿಡು.
ಬೆಳ್ಳಗಾದದ್ದು ಕೆಂಪಾಗಾಕ ಎಷ್ಟೊತ್ತು? ಎಣಿಸವ್ವಾ.

ಸ್ಪೀಕರ್ ಹಚ್ಚಿ ತೊಡಿ ಮ್ಯಾಲ ಇಟ್ಟೆ.
ಹೆಬ್ಬೆರಳು: ಒಂದು, ಎರಡು.
ಹ್ಞಾ, ಮುಂದಿನದು.
ಗಂಟು ಸಡ್ಲ ಮಾಡು, ನಾಳೆ ಜತ್ತಿಗೆ ಹೋಗಿ ಫೋಟೋ ತಗಸು.
ಆ ದನಿ ನನ್ನ ಮಗನದು ಹೌದು,
ಹಿಂದ ಯಾರೋ ನಿಂತು ಹೇಳಿಕೊಟ್ಟಂಗನೂ ಇತ್ತು.
ಊರಿಗೆ ಬರೋ ಮಾತು ಅಂವ ತಗೀಲಿಲ್ಲ,
ನಾನೂ ಕೆದಕಲಿಲ್ಲ.

ನಾಕನೇ ಬೆರಳಿಗೆ ಬಂದಾಗ ಫೋನ್ ಕಟ್ಟಾತು.
ಕಿರಿಬೆರಳು ಒಬ್ಬಾಕೀನೇ ಒತ್ತಿ ನೋಡಿದೆ,
ಟಾಕಿ ಕಟ್ಟಿ ಮ್ಯಾಲ, ಬಿಸಲಿಗೆ ಹಿಡದು.