ತಂತಿ ಹಿಡಿದವನು

ರಾತ್ರಿ ಹನ್ನೊಂದೂವರೆಗೆ, ಸಾಬೂನಿನ ಜಾಹೀರಾತು ಮುಗಿದ ಮೇಲೆ
ಟೀವಿಯಲ್ಲಿ ಬಂತು ‘ಹೊಗೆಯ ಸುಲ್ತಾನ’.
ಮೊಮ್ಮಗಳು ಜಿನೇವ್ರಾ ಸೋಫಾದಲ್ಲಿ ಕಾಲು ಮಡಚಿ
ಕಿತ್ತಳೆ ಸುಲಿಯುತ್ತ ಕೂತಿದ್ದಳು.
ಹತ್ತು ನಿಮಿಷ ನೋಡಿರಬೇಕು.
‘ಅಜ್ಜಾ, ದಾರ ಕಾಣ್ತಿದೆ’ ಅಂದಳು.

ಕಾಣುತ್ತದೆ.
ಬೆಳಕು ಎಡಗಡೆಯಿಂದ ಬಿದ್ದರೆ ಕಾಣುತ್ತದೆಂದು
ಆವತ್ತೇ ಹೇಳಿದ್ದೆ.
ಯಾರು ಕೇಳಬೇಕು ದಿನಗೂಲಿಯವನ ಮಾತು.

ದಾರವಲ್ಲ ಅದು, ಪಿಯಾನೋ ತಂತಿ.
ಈ ತುದಿಯಲ್ಲಿ ನಾನು,
ತಗಡಿನ ಮಾಡಿನ ಕೆಳಗೆ, ತೊಲೆಯ ಮೇಲೆ ಕೂತು
ಜುಲೈ ತಿಂಗಳ ರೋಮಿನಲ್ಲಿ ಬೇಯುತ್ತ.
ಆ ತುದಿಯಲ್ಲಿ ಜಮಖಾನೆ.
ಜಮಖಾನೆಯ ಮೇಲೆ, ರಟ್ಟಿನ ಕಿರೀಟ ಹೊತ್ತು,
ಕಾರ್ಬೆಟ್ ಹೇನ್ಸ್.

ಆ ಹೆಸರು ನಿನಗೆ ಗೊತ್ತಿಲ್ಲ.
ಯುದ್ಧ ಮುಗಿದ ವರ್ಷ ನಮ್ಮ ಕ್ವಾದ್ರಾರೋ ಕೇರಿಯಲ್ಲಿ
ಬ್ರೆಡ್ಡಿಗೆ ಕೂಪನ್ನು, ಬೂಟಿಗೆ ರಟ್ಟಿನ ಅಟ್ಟೆ.
ಪಾದ್ರಿಯ ಅಂಗಳದಲ್ಲಿ ಬೆಡ್‌ಶೀಟು ಕಟ್ಟಿ
ಅವನ ಸಿನಿಮಾ ತೋರಿಸಿದರು.
ಮೆಟ್ಟಿಲು ಇಳಿಯುತ್ತ ಕುಣಿದ,
ಇಳಿದದ್ದಲ್ಲ, ಯಾರೋ ಕೊಡ ಚೆಲ್ಲಿದ ಹಾಗೆ.
ಗಾಳಿಗೆ ಬೆಡ್‌ಶೀಟು ಉಬ್ಬಿದರೂ
ಅವನ ತಾಳ ತಪ್ಪಲಿಲ್ಲ.
ನನಗೆ ಒಂಬತ್ತು. ಮನೆವರೆಗೂ ಕಲ್ಲುಹಾಸಿನ ಮೇಲೆ
ಕಾಲು ಬಡಿಯುತ್ತ ಬಂದು
ಇದ್ದ ಅಟ್ಟೆಯನ್ನೂ ಹರಿದುಕೊಂಡು
ಅಮ್ಮನ ಕೈಯಲ್ಲಿ ಸರಿಯಾಗಿ ತಿಂದೆ.

ಹದಿನಾರು ವರ್ಷ ಕಳೆದು ಅವನೇ ಬಂದ
ನಮ್ಮ ಸ್ಟುಡಿಯೋಗೆ, ಬಾಡಿಗೆ ಕಾರಿನಲ್ಲಿ.
ಅವನ ಬಗೆಯ ಸಿನಿಮಾ ಅಲ್ಲಿ ಯಾರೂ ಮಾಡುತ್ತಿರಲಿಲ್ಲವಂತೆ.
ಇಲ್ಲಿ ಹಾಡಿಲ್ಲ, ಕುಣಿತವಿಲ್ಲ.
ಹೂಜಿಯಿಂದ ಹೊಗೆ ಬರಬೇಕು,
ಇವನು ಬೆಚ್ಚಬೇಕು, ಅಷ್ಟೇ ಪಾತ್ರ.
ಹೊಗೆಯೋ, ಅರ್ಧ ನಮ್ಮ ಅಮಿಲ್ಕಾರೆ ಮೇಸ್ತ್ರಿ
ಬೆಂಚಿನಡಿ ಮಲಗಿ ಸಿಗರೇಟು ಸೇದಿ ಊದಿದ್ದು.
ಡ್ರ್ಯಾಗನ್ನಿನ ಎರಡು ಹಲ್ಲು ಮೊದಲ ದಿನವೇ ಉದುರಿದವು,
ಅಂಟಿಸಿದ್ದು ಸೊಟ್ಟ. ನೋಡು, ಈಗ ಬಂತು.

ಜಿನೇವ್ರಾ ನಕ್ಕಳು. ನಗಲಿ.
ಬಿಡುಗಡೆಯ ದಿನ ಇಡೀ ಥಿಯೇಟರೇ ನಕ್ಕಿತ್ತು.
ನಾನು ತಲೆ ತಗ್ಗಿಸಿ ಕೂತಿದ್ದೆ,
ನನ್ನ ಮನೆಯ ಮದುವೆಯಲ್ಲೇ ಸಾರು ಹಳಸಿದ ಹಾಗೆ.

ತಂತಿಗೆ ತೂಕ ಗೊತ್ತಿರುತ್ತದೆ.
ತೆರೆಯ ಮೇಲೆ ಹಗುರ ಹಾರುವವನು
ನನ್ನ ಅಂಗೈಗೆ ಎಪ್ಪತ್ತೆಂಟು ಕಿಲೋ,
ಬಲ ಮಂಡಿಯಲ್ಲಿ ಸಣ್ಣ ನಡುಕ.
ನಡುಕ ತಂತಿ ಹತ್ತಿ ಮೇಲೆ ಬರುತ್ತಿತ್ತು,
ಮೀನು ಗಾಳ ಕಚ್ಚಿದ ಹಾಗಲ್ಲ,
ಕಚ್ಚಿ ಬಿಟ್ಟ ಹಾಗೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು.
ನಾಲ್ಕು ತಂತಿಗೆ ನಾಲ್ಕು ಜನ; ಮೂವರು
ತಮ್ಮ ತಂತಿ ಗೂಟಕ್ಕೆ ಬಿಗಿದು ಊಟಕ್ಕೆ ನಡೆದರು.
ಒಬ್ಬನೇ ಇಳಿಸುವ ಹಾಗಿಲ್ಲ.
ನೆಲದಿಂದ ಎರಡಾಳು ಮೇಲೆ ಸುಲ್ತಾನ,
ಅವನಿಗಿಂತ ಮೇಲೆ ನಾನು,
ಉಳಿದದ್ದೆಲ್ಲ ಕತ್ತಲು, ಅಂಟಿನ ವಾಸನೆ.

ಆಗ ಕೇಳಿಸಿತು.
ಜಮಖಾನೆಯಡಿಯ ಹಲಗೆಗೆ ಕೂತಲ್ಲೇ ಅವನ ಹಿಮ್ಮಡಿ:
ಟಕ. ಟಕಟ. ಆಮೇಲೆ ಬೆರಳು. ಆಮೇಲೆ ಎರಡೂ.
ಪಾದ್ರಿಯ ಅಂಗಳದ ಅದೇ ಮೆಟ್ಟಿಲು!
ಎಣಿಸಿದೆ, ಹದಿನಾಲ್ಕು, ಒಂದನ್ನೂ ಬಿಡಲಿಲ್ಲ.
ತಂತಿ ಝುಮ್ಮೆಂದು ನನ್ನ ಹಲ್ಲಿನವರೆಗೂ ಬಂತು.
ನಿಲ್ಲಿಸಿ, ಕತ್ತಲಿನಿಂದಲೇ ಏನೋ ಕೇಳಿದ.
ನನಗೆ ಅವನ ಭಾಷೆ ಬಾರದು.
ಹೌದು ಅಂದೆ.
ಏನು ಕೇಳಿದನೋ, ಯಾವುದಕ್ಕೆ ಹೌದೆಂದೆನೋ.

ಇದು ಸಿನಿಮಾದಲ್ಲಿ ಇಲ್ಲ.

ಜಿನೇವ್ರಾಗೆ ನಿದ್ದೆ, ಮಡಿಲಲ್ಲಿ ಸಿಪ್ಪೆ.
ಬಣ್ಣ ಬಳಿದ ಮೋಡದ ಮುಂದೆ
ಸುಲ್ತಾನ ಮತ್ತೊಮ್ಮೆ ಹಾರುತ್ತಾನೆ, ಕೆಟ್ಟದಾಗಿ.
ನಾನು ಅವನನ್ನು ನೋಡುತ್ತಿಲ್ಲ.
ಎಡಗಡೆಯ ಬೆಳಕಿಗೆ ಮಿಂಚುವ ಗೆರೆಯನ್ನು
ಮೇಲಂಚಿನವರೆಗೆ ಹಿಂಬಾಲಿಸುತ್ತೇನೆ.
ಅಲ್ಲಿ ಕಡಿಯುತ್ತದೆ ಚಿತ್ರ.
ಕ್ಯಾಮೆರಾ ಇನ್ನೆರಡು ಮಾರು ಎತ್ತಿದ್ದರೆ
ನನ್ನ ಕೈ ಇರುತ್ತಿತ್ತು.