ಆ ರಾತ್ರಿ ಇಲ್ಲಿ ಮಲಗಿದವರು

ಕಿಲಿಫಿ ಕೌಂಟಿಯ ಖಾನೇಸುಮಾರಿಗೆ
ಅವರು ಕೊಟ್ಟ ಹಳದಿ ಮೇಲಂಗಿ ನನಗೆ ಎರಡು ಅಳತೆ ದೊಡ್ಡದು.
ಕೈಯಲ್ಲೊಂದು ಟ್ಯಾಬ್ಲೆಟ್. ಈ ಬಿಸಿಲಲ್ಲಿ ಅದರೊಳಗೆ
ಕಾಣುವುದು ನನ್ನ ಮೂಗು ಮಾತ್ರ;
ನೆರಳಿಗೆ ಹಿಡಿದು, ಬಗ್ಗಿ ಓದಬೇಕು,
ಕೂಸಿಗೆ ಸೆರಗು ಮರೆಮಾಡಿದ ಹಾಗೆ.
ಮುಖ್ಯ ಪ್ರಶ್ನೆ ಒಂದೇ, ಮಿಕ್ಕದ್ದೆಲ್ಲ ಆಮೇಲೆ:
ಶನಿವಾರ ರಾತ್ರಿ ಈ ಮನೆಯಲ್ಲಿ
ಮಲಗಿದ್ದವರು ಎಷ್ಟು ಜನ?

ಗಂಜೆಯ ಒಣನೆಲದವಳು ನಾನು, ಎಂಬೇಯು.
ನಮ್ಮ ಗಿರಿಯಾಮದಲ್ಲಿ ಬೀಜ ಅಂತ ಅರ್ಥ.
ಕಡಲೂ ನಮ್ಮ ಕೌಂಟಿಯದೇ ಎಂದು ಶಾಲೆಯ ನಕಾಶೆ ಹೇಳುತ್ತಿತ್ತು.
ಹತ್ತಿರ ನಿಂತು ನೋಡಿದ್ದು ಮೊನ್ನೆ.

ಗೊಂಗೋನಿಯಲ್ಲಿ ಉಪ್ಪಿನ ಮಡಿಗಳ ಬದಿಗೆ ತಗಡಿನ ಸಾಲುಮನೆ.
ಕಹಿಂದಿಯ ಹಿಮ್ಮಡಿ ಬಿರಿದು, ಬಿರುಕಲ್ಲಿ ಬಿಳಿ ಕೂತಿತ್ತು.
ಹದಿನಾಲ್ಕು ಜನ, ಅಂದ. ಚಾಪೆ ಏಳು.
ಒಂದು ಪಾಳಿ ಎದ್ದ ಬಿಸಿಗೇ
ಇನ್ನೊಂದು ಪಾಳಿ ಬಂದು ಬೀಳುತ್ತದೆ.
ಹಾಗಾದರೆ ರಾತ್ರಿ ಮಲಗಿದ್ದು ಏಳೇ ಅಲ್ಲವಾ?
ಸುಮ್ಮನೆ ನೋಡಿದ.
ಮೂಟೆ ತೂಗುವವರೂ ಹೀಗೇ ಕೇಳುತ್ತಾರೆ, ಅಂದ.
ಹದಿನಾಲ್ಕು ಬರೆದೆ.

ತಕಾವುಂಗುವಿನ ದಡದಲ್ಲಿ ಬಲೆ ಹೊಲಿಯುತ್ತಿದ್ದ ಅತ್ಮಾನಿ ಶೀ
ನಕ್ಕೇ ನಕ್ಕ:
ನಾವು ಐವರು ಆ ರಾತ್ರಿ ಹವಳದ ದಿಬ್ಬದಾಚೆ ಇದ್ದೆವು ಮಗಳೇ.
ದೋಣಿಯಲ್ಲಿ ಮಲಗಿದವನು
ಬೆಳಿಗ್ಗೆ ನಿನ್ನ ಪ್ರಶ್ನೆಗೆ ಸಿಗುವುದಿಲ್ಲ.

ಮಾಲಿಂದಿಯ ಎರ್ಮಾನ್ನೊ ಎಂಬ ಇಟಲಿಯ ಮುದುಕ
ಬೆರಳಿನಷ್ಟು ಲೋಟದಲ್ಲಿ ಕಾಫಿ ಕೊಟ್ಟ,
ಬೇವಿನ ಕಷಾಯವೇ ವಾಸಿ.
ಒಬ್ಬನೇ, ಅಂದ, ಇಪ್ಪತ್ತಾರು ವರ್ಷದಿಂದ ಒಬ್ಬನೇ.
ಒಳಗೆ ಮೀನು ಕೆರೆಯುತ್ತಿದ್ದ ಕಾಜೊ
ಅವನಿಗೆ ತಿಳಿಯದ ನಮ್ಮ ಮಾತಲ್ಲಿ ಕೂಗಿದಳು:
ಎರಡು ಬರಿ, ತಂಗಿ.
ಯಜಮಾನನಿಗೆ ಸಂಬಂಧ ಏನಂತ ಬರೀಲಿ?
ಕತ್ತಿಯ ಸದ್ದು ನಿಂತಿತು.
ಅದೊಂದು ಖಾಲಿ ಬಿಡು.
ಯಂತ್ರ ಖಾಲಿ ಬಿಡಲು ಬಿಡುವುದಿಲ್ಲ.
'ಇತರೆ' ಒತ್ತಿದೆ.

ಕಲೊಲೇನಿಯ ಗುಡ್ಡದಲ್ಲಿ ಮುದುಕಿ ನ್ಯೆವು ಒಂಬತ್ತು ಅಂದಳು.
ನಾನು ಕಂಡದ್ದು ಆರು ತಲೆ. ಕೈಹಿಡಿದು ಹಿತ್ತಿಲಿಗೆ ಒಯ್ದಳು:
ಕೆತ್ತಿದ ಮರದ ಕಂಬ ಮೂರು, ಕೊರಳಿಗೆ ಬಟ್ಟೆಯ ಚೂರು.
ಮಾವ. ಮಾವನ ಅಣ್ಣ. ಗಂಡ.
ಅಜ್ಜಿ, ರಾತ್ರಿ ಮಲಗಿದ್ದವರು ಮಾತ್ರ.
ಅದೂ ನಿಜ, ಇವರು ನಿಂತೇ ಇರುತ್ತಾರೆ, ಎಂದು ಒಪ್ಪಿದಳು.
ಆಮೇಲೆ ನೆಲದಲ್ಲೊಂದು ಗುಳಿ ತೋರಿಸಿದಳು, ಹುಲ್ಲು ಬೆಳೆದಿತ್ತು.
ಇವನನ್ನು ಕಳ್ಳರು ಕಿತ್ತು ಮಾರಿಕೊಂಡರು.
ಯಾವ ದೇಶದ ಗಾಜಿನ ಪೆಟ್ಟಿಗೆಯಲ್ಲಿ ಅಡ್ಡ ಮಲಗಿದ್ದಾನೋ;
ಅಲ್ಲಿಯವರು ಎಣಿಸಿಕೊಳ್ಳುತ್ತಾರಾ, ಕೇಳಿ ನೋಡು.
ಯಾರನ್ನು ಕೇಳಲಿ.

ಮ್ತ್ವಾಪದ ಬಾಡಿಗೆ ಕೋಣೆ, ಕೆಳಗೆ ಕುಡುಕರ ಪಾಟೀಲು.
ಹನ್ನೆರಡೂ ಹತ್ತಕ್ಕೆ ಹುಟ್ಟಿದ ಹೆಣ್ಣುಕೂಸು.
ಮೇಲ್ವಿಚಾರಕ ಮ್ವಾಚಿರೊಗೆ ಫೋನು ಮಾಡಿದೆ.
ಹನ್ನೆರಡು ದಾಟಿದ್ದು ಲೆಕ್ಕಕ್ಕಿಲ್ಲ, ಇಟ್ಟುಬಿಟ್ಟ.
ಆಟಕ್ಕುಂಟು, ಲೆಕ್ಕಕ್ಕಿಲ್ಲ:
ಅದು ಆಗಲೇ ಕಾಲು ಬಡಿಯುತ್ತ ಆಟಕ್ಕಿಳಿದಿತ್ತು,
ಮುಂದಿನ ಎಣಿಕೆಗೆ ಹತ್ತು ವರ್ಷ ಪುರುಸೊತ್ತು.
ತಾಯಿಯ ಗಡಿಯಾರ ಮುಂದಿದೆಯೇನೋ, ಅಂದೆ.
ಅವಳು ಗಡಿಯಾರ ನೋಡಲಿಲ್ಲ, ನನ್ನನ್ನು ನೋಡಿದಳು.
ಹೌದು, ಕಾಲು ಗಂಟೆ ಮುಂದೆ.

ಸಂಜೆ ಸೇತುವೆಯ ಮೇಲೆ ಮಟಾಟು.
ಕೆಳಗೆ ಕಡಲ ಕೊಲ್ಲಿ, ಬಿಸಿಲಿನ್ನೂ ಇಳಿದಿಲ್ಲ.
ಹದಿನಾಲ್ಕು ಸೀಟಿಗೆ ಇಪ್ಪತ್ತೊಂದು ಜನ.
ಕಂಡಕ್ಟರ್ ಹುಡುಗ ತಲೆತಲೆಗೂ ನಾಣ್ಯ ಕುಟ್ಟಿ ಎಣಿಸುತ್ತ ಬಂದ,
ಶನಿವಾರ ನಾನು ಶಾಲೆಯ ಬೆಂಚಿನ ಮೇಲೆ ಮಲಗಿದ್ದೆ,
ಯಾರೂ ಕೇಳಿರಲಿಲ್ಲ.
ನನ್ನ ಹತ್ತಿರ ನಿಂತು ಮೇಲಂಗಿ ನೋಡಿದ:
ಅಕ್ಕ, ನೀನೊಂದು, ಈ ಅಂಗಿಗೆ ಅರ್ಧ.
ಸರಿ, ಸರಿ, ಇನ್ನೊಬ್ಬರು ಹಿಡಿಸುತ್ತಾರೆ.
ಸರಿದೆ. ಪಕ್ಕದವಳ ಬುಟ್ಟಿಯಿಂದ
ಮೀನಿನ ನೀರು ನನ್ನ ಮೊಣಕಾಲಿಗೆ ತೊಟ್ಟಿಕ್ಕುತ್ತಿತ್ತು.